ಉಪ್ಪು ಹಚ್ಚಿದ ತೊಗಲು

ಕೃಷ್ಣವೇಣಿ ಮಾದರ ಹದ್ದು ಎಣಿಸುವ ನೌಕರಿಯಲ್ಲಿದ್ದಳು. ನಗಬೇಡಿ. ಧಾರವಾಡದಲ್ಲಿ ಎಂಎಸ್ಸಿ ಮುಗಿಸಿ, ದಿಲ್ಲಿಯ ತನಕ ಹೋಗಿ ಪರೀಕ್ಷೆ ಬರೆದು, ಪರಿಸರ ಅಧಿಕಾರಿ ಅಂತ ಆರ್ಡರ್ ಕೈಗೆ ಬಂದ ಮೇಲೆ ಸರ್ಕಾರ ಅವಳಿಗೆ ಕೊಟ್ಟ ಕೆಲಸ ಅದು. ಕೋಲ್ಕತ್ತಾದ ವಿಮಾನ ನಿಲ್ದಾಣದ ಬೇಲಿಯ ಪಕ್ಕ ನಿಲ್ಲಬೇಕು. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಐದಕ್ಕೆ ತಲೆ ಎತ್ತಿ ಎಣಿಸಬೇಕು. ಹದ್ದು ಎಷ್ಟು, ಕಾಗೆ ಎಷ್ಟು, ಬೆಳ್ಳಕ್ಕಿ ಎಷ್ಟು. ಹಕ್ಕಿ ಎಂಜಿನ್ನಿಗೆ ಸಿಕ್ಕರೆ ವಿಮಾನಕ್ಕೆ ಕುತ್ತು. ಆದ್ದರಿಂದ ಹಕ್ಕಿ ಯಾಕೆ ಬರುತ್ತದೆ ಅಂತ ಹುಡುಕಿ ಬರೆಯಬೇಕು. ಸದ್ದು ಅಳೆಯುವುದು, ಚರಂಡಿ ನೀರನ್ನು ಶೀಷೆಗೆ ತುಂಬುವುದು, ಇವೂ ಇದ್ದವು. ಆದರೆ ಆ ಭಾದ್ರಪದದಲ್ಲಿ ಎಲ್ಲರ ಬಾಯಲ್ಲೂ ಹದ್ದೇ.

ಯಾಕೆಂದರೆ ಒಂದೇ ತಿಂಗಳಲ್ಲಿ ಎರಡು ಸಲ ವಿಮಾನಕ್ಕೆ ಹದ್ದು ಬಡಿದಿತ್ತು. ಯಾರೂ ಸಾಯಲಿಲ್ಲ, ಎರಡು ವಿಮಾನ ತಡವಾದವು ಅಷ್ಟೆ. ಅಷ್ಟಕ್ಕೇ ಕಚೇರಿಯಲ್ಲಿ ಮೀಟಿಂಗು. ಮೀಟಿಂಗಿನ ತಲೆಗೆ ರತ್ನಾಕರ ರಾವ್, ಕೃಷ್ಣವೇಣಿಯ ಮೇಲಧಿಕಾರಿ. ಕುಂದಾಪುರದ ಕಡೆಯವರು, ಹದಿನೆಂಟು ವರ್ಷದಿಂದ ಇಲ್ಲೇ ಬೇರು ಬಿಟ್ಟವರು, ಮನೆ ಸದರ್ನ್ ಅವೆನ್ಯೂದಲ್ಲಿ. ಅವರ ಪಕ್ಕದಲ್ಲಿ ಬಸು ಬಾಬು. ವಿಮಾನಗಳಿಗೆ ಊಟ ಕಟ್ಟಿ ಕೊಡುವ ಗುತ್ತಿಗೆ ಕಂಪನಿಯ ಮ್ಯಾನೇಜರ್. ಹದ್ದಿನ ಮೀಟಿಂಗಿನಲ್ಲಿ ಅಡುಗೆಯವನಿಗೇನು ಕೆಲಸ ಅಂತ ಆ ದಿನ ಯಾರೂ ಕೇಳಲಿಲ್ಲ. ಕೃಷ್ಣವೇಣಿಯೂ ಕೇಳಲಿಲ್ಲ.

ರಾವ್ ನಕ್ಷೆಯ ಮೇಲೆ ಬೆರಳಿಟ್ಟು ಅವಳೊಬ್ಬಳಿಗೆ ಕನ್ನಡದಲ್ಲಿ ಹೇಳಿದರು. "ಇಲ್ಲಿ ನೋಡಿ, ಬೇಲಿಗೆ ತಾಗಿಕೊಂಡು ಮೂವತ್ತೆರಡು ಮನೆ ಉಂಟು. ಪೂಜೆಗೆ ಢಾಕ್ ಮಾಡಿ ಬಾರಿಸುವವರದ್ದು. ಆಡಿನ ಚರ್ಮ ತಂದು ಬಿಸಿಲಿಗೆ ಒಣಗಿಸ್ತಾರೆ. ಹದ್ದು ಬರದೆ ಮತ್ತೆ ಎಂತ ಬರ್ತದೆ? ನೀವು ಒಂದು ಟಿಪ್ಪಣಿ ಬರೆದು ಕೊಡಿ. ಮೂಲ, ಚರ್ಮದ ಕೇರಿ ಅಂತ. ತಲೆಬಿಸಿ ಬೇಡ."

ಢಾಕ್ ಅಂದರೆ ಇಲ್ಲಿನ ದೊಡ್ಡ ನಗಾರಿ. ಅದು ಬಾರಿಸದೆ ಇಲ್ಲಿ ದುರ್ಗಾಪೂಜೆ ಇಲ್ಲ. ಅದನ್ನು ಬಾರಿಸುವವರನ್ನು ಪೂಜೆಗೆ ಮುಂಚೆಯೇ ಎತ್ತಿ ಬಿಸಾಕುವ ಯೋಜನೆ ಆ ನಕ್ಷೆಯ ಮೇಲಿತ್ತು.

ಕೃಷ್ಣವೇಣಿಗೆ ಅದು ಸುಳ್ಳೆಂದು ಆ ಕ್ಷಣವೇ ಗೊತ್ತಾಯಿತು. ಓದಿ ಗೊತ್ತಾದದ್ದಲ್ಲ. ಹುನಗುಂದದ ಹತ್ತಿರದ ಅವಳ ಊರಿನಲ್ಲಿ ಅವಳ ಅಪ್ಪ ಯಲ್ಲಪ್ಪ ಸತ್ತ ದನ ಹೊತ್ತುಹಾಕಿ ತೊಗಲು ಸುಲಿಯುತ್ತಿದ್ದ. ಏಳೆಂಟು ವರ್ಷದ ಕೃಷ್ಣವೇಣಿ ಉಪ್ಪಿನ ಬುಟ್ಟಿ ಹೊತ್ತು ಹಿಂದೆ ಹೋಗುತ್ತಿದ್ದಳು. ಸುಲಿಯುವ ತನಕ ಹದ್ದುಗಳು ಜಾಲಿಗಿಡದ ಮೇಲೆ ಕೂತು ಕಾಯುತ್ತಿದ್ದವು. ತೊಗಲಿನ ಒಳಮೈಯ ಮಾಂಸ ಹೆರೆದು ಉಪ್ಪು ತಿಕ್ಕಿದ ಮೇಲೆ ಒಂದೂ ಹತ್ತಿರ ಸುಳಿಯುತ್ತಿರಲಿಲ್ಲ. ಉಪ್ಪು ಹಚ್ಚಿದ ತೊಗಲಿಗೆ ಹದ್ದು ಬರುವುದಿಲ್ಲ. ಇದು ಅವಳ ಕೇರಿಯ ಕೂಸಿಗೂ ಗೊತ್ತು. ಆ ಮೀಟಿಂಗಿನ ಮೇಜಿನ ಸುತ್ತ ಕೂತಿದ್ದ ಆರು ಮಂದಿ ಓದಿದವರಿಗೆ ಗೊತ್ತಿರಲಿಲ್ಲ. ಅವರ್ಯಾರೂ ತೊಗಲಿನ ಹತ್ತಿರ ಹೋದವರೇ ಅಲ್ಲ. ಕಾಲಿಗೆ ಹಾಕಿಕೊಂಡಿದ್ದರು, ಅಷ್ಟೆ.

ಬಾಯಿ ಬಿಟ್ಟು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಹೇಳಿದರೆ, ನಿಮಗೆ ಹೇಗೆ ಗೊತ್ತು ಅಂತ ಕೇಳುತ್ತಾರೆ.

ಒಂದು ವಾರ ಹಿಂದೆ ಚೌತಿಯ ಊಟಕ್ಕೆ ರಾವ್ ಮನೆಗೆ ಕರೆದಿದ್ದರು. ಕೋಲ್ಕತ್ತಾದ ಹತ್ತು ಹನ್ನೆರಡು ಕನ್ನಡದ ಮಂದಿ, ಬಾಳೆ ಎಲೆ, ಪಾಯಸ. ರಾವ್ ಹೆಂಡತಿ ನಿಶ್ಮಿತಾ ನಗುನಗುತ್ತಾ ಬಡಿಸಿದ್ದಳು. ನಡುವೆ ಕೇಳಿದ್ದಳು, "ಮಾದರ ಅಂದ್ರೆ ಎಂತ, ಊರ ಹೆಸರಾ?" ಕೃಷ್ಣವೇಣಿ ಅಲ್ಲ ಅಂದಳು. ಇನ್ನೇನೂ ಹೇಳಲಿಲ್ಲ. ಊಟವಾದ ಮೇಲೆ ಕೆಲಸದವಳು ಎಲ್ಲರ ಎಲೆ ಎತ್ತಿದಳು. ಇವಳ ಎಲೆಯ ಹತ್ತಿರ ಬಂದಾಗ ನಿಶ್ಮಿತಾ ಒಳಗಿನಿಂದ ಕೂಗಿ ಅವಳನ್ನು ಕರೆದುಕೊಂಡಳು. "ನೀವೇ ತೆಗೆದು ಬಕೆಟಿಗೆ ಹಾಕಿ ಆಯ್ತಾ, ಅವಳಿಗೆ ಬೇರೆ ಕೆಲಸ ಉಂಟು." ಹನ್ನೆರಡು ಎಲೆಯಲ್ಲಿ ಒಂದು ಎಲೆ. ಕೃಷ್ಣವೇಣಿ ಅದನ್ನು ಮಡಚಿ ಎತ್ತಿದಳು. ಸಾರು ಮೊಣಕೈ ತನಕ ಇಳಿಯಿತು. ಜಾದವ್‌ಪುರದ ಬಾಡಿಗೆ ಕೋಣೆ ತಲುಪುವ ತನಕ ಬಸ್ಸಿನಲ್ಲಿ ಆ ಕೈಯನ್ನು ಮೈಗೆ ತಾಗಿಸದೆ ದೂರ ಹಿಡಿದುಕೊಂಡೇ ಕೂತಿದ್ದಳು.

ಅದಕ್ಕೇ ಬಾಯಿ ಮುಚ್ಚಿಕೊಂಡಳು. ಟಿಪ್ಪಣಿ ಬರೆದಳು. ಮೂಲ, ಚರ್ಮದ ಕೇರಿ. ಬರೆಯುವ ಮುಂಚೆ ಸ್ಥಳ ನೋಡಬೇಕೆಂಬ ನಿಯಮ ಇದೆಯಲ್ಲ, ಅದಕ್ಕೆ ಕೇರಿಯ ಕಡೆಗೆ ಹೋಗಿ ನೂರು ಹೆಜ್ಜೆ ದೂರದಲ್ಲೇ ನಿಂತು, ಮೂಗಿಗೆ ಕರ್ಚೀಫು ಒತ್ತಿಕೊಂಡು, ಎರಡು ಫೋಟೋ ತೆಗೆದು ಬಂದಿದ್ದಳು. ಕರ್ಚೀಫು ಯಾಕೆ? ಆ ವಾಸನೆ ಅವಳಿಗೆ ಹೊಸದಾಗಿತ್ತೇ? ಜೀಪಿನ ಡ್ರೈವರ್ ಮಿಹಿರ್ ನೋಡುತ್ತಿದ್ದ, ಅದಕ್ಕೆ.

ನಾಲ್ಕೇ ದಿನಕ್ಕೆ ಕೇರಿಯ ಗೋಡೆಗಳ ಮೇಲೆ ನೋಟಿಸು ಬಿತ್ತು. ಹತ್ತು ದಿನದಲ್ಲಿ ಜಾಗ ಖಾಲಿ ಮಾಡಬೇಕು, ಇಲ್ಲವೇ ಶುಕ್ರವಾರ ಬುಲ್ಡೋಜರ್ ಬರುತ್ತದೆ. ಕೆಳಗೆ ಬರೆದಿತ್ತು: ಪರಿಸರ ಅಧಿಕಾರಿಯ ವರದಿಯ ಮೇರೆಗೆ.

ಅವತ್ತಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಬೇಲಿಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಿಂದ ಏಳುವಳು, ಹತ್ತು ಹೆಜ್ಜೆ ನಡೆಯುವಳು, ಮತ್ತೆ ಬಂದು ಕೂರುವಳು. ಎಣಿಕೆ ತಪ್ಪುವುದು. ಒಂಬತ್ತೋ ಹತ್ತೋ. ಮತ್ತೆ ಮೊದಲಿನಿಂದ. ಮೂರು ಮೂರು ನಿಮಿಷಕ್ಕೆ ವಿಮಾನ ತಲೆಯ ಮೇಲೇ ಇಳಿಯುವುದು. ಮಿಹಿರ್ ಒಂದು ದಿನ ಕೇಳಿಯೇಬಿಟ್ಟ. "ಮೇಡಂ, ಶರೀರ ಖಾರಾಪಾ?" ಅವಳು ಇಲ್ಲ ಅಂದಳು.

ಆರನೆಯ ದಿನ ಕುರ್ಚಿಯಿಂದ ಎದ್ದವಳು ಮತ್ತೆ ಕೂರಲಿಲ್ಲ. ಸೀದಾ ಕೇರಿಯೊಳಗೆ ನಡೆದಳು.

ಮೊದಲ ಮನೆಯ ಮುಂದೆ ಒಬ್ಬ ಹೆಂಗಸು ನೆಲದ ಮೇಲೆ ಕೂತು ಮರದ ಚೌಕಟ್ಟಿಗೆ ಬಿಗಿದ ಆಡಿನ ತೊಗಲನ್ನು ಹೆರೆಯುತ್ತಿದ್ದಳು. ಶೆಫಾಲಿ ರುಯಿದಾಸ್. ಐವತ್ತರ ಆಸುಪಾಸು. ಎರಡೂ ಪಾದದಿಂದ ಚೌಕಟ್ಟನ್ನು ಒತ್ತಿ ಹಿಡಿದಿದ್ದಳು. ಸುಣ್ಣ ತಿಂದು ಅಂಗೈ ಬಿರುಕು ಬಿಟ್ಟಿತ್ತು, ಬಿರುಕಿನಲ್ಲಿ ರಕ್ತ ಒಣಗಿತ್ತು. ಉಗುರುಗಳು ಅರ್ಧಕ್ಕರ್ಧ ಇರಲಿಲ್ಲ. ಅವಳು ತಲೆ ಎತ್ತದೆಯೇ ಬಂಗಾಳಿಯಲ್ಲಿ ಹೇಳಿದಳು.

"ಮೂಗು ಮುಚ್ಚಿಕೊಂಡು ದೂರ ನಿಂತಿದ್ದ ದಿದಿ ನೀನೇ ಅಲ್ಲವಾ. ಈಗ ಒಳಗೆ ಬಂದಿದ್ದೀಯ. ಮೂಗು ಎಲ್ಲಿಟ್ಟು ಬಂದೆ?"

ಕೃಷ್ಣವೇಣಿ ಅವಳ ಎದುರಿಗೆ ನೆಲದ ಮೇಲೆ ಕೂತಳು.

"ಪೂಜೆಗೆ ಎರಡು ವಾರ ಇದೆ," ಶೆಫಾಲಿ ಹೆರೆಯುವುದನ್ನು ನಿಲ್ಲಿಸಲಿಲ್ಲ. "ಗರಿಯಾಹಾಟಿನ ಕಡೆಯ ಎರಡು ಪೆಂಡಾಲಿನವರು ನಮ್ಮ ಢಾಕ್ ಕೇಳಿದ್ದಾರೆ. ನನ್ನ ಗಂಡ, ಮೈದುನ ಹೋಗಿ ಬಾರಿಸಬೇಕು. ಬಾರಿಸುವಾಗ ದೇವಿಯ ಮುಂದೆಯೇ ನಿಲ್ಲಿಸುತ್ತಾರೆ. ಊಟ ಮಾತ್ರ ಪೆಂಡಾಲಿನ ಹಿಂದೆ. ಅದೂ ಇರಲಿ, ಅಭ್ಯಾಸವಾಗಿದೆ. ಮನೆಯೇ ಇಲ್ಲದಿದ್ದರೆ ತೊಗಲು ಎಲ್ಲಿ ಬಿಗಿಯಲಿ? ನಿನ್ನ ತಲೆಯ ಮೇಲೆ ಬಿಗಿಯಲಾ?"

ವಿಮಾನ ಬಂತು. ಅದರ ಸದ್ದಿನ ನಡುವೆ ಕೃಷ್ಣವೇಣಿಯ ಕೈ ತಾನಾಗಿಯೇ ತೊಗಲಿನ ಮೇಲೆ ಹೋಯಿತು. ಹದಿನೆಂಟು ವರ್ಷ ಮುಟ್ಟದಿದ್ದ ಕೈ. ಹೆಬ್ಬೆರಳು ಅಂಚಿನ ಗುಂಟ ಸರಿದು ಒಂದು ಕಡೆ ನಿಂತಿತು.

"ಇಲ್ಲಿ ಉಳಿದಿದೆ," ಅಂದಳು ಹರಕು ಬಂಗಾಳಿಯಲ್ಲಿ. "ಕೊಬ್ಬು. ಇದು ಹೋಗದಿದ್ದರೆ ನಾದ ಹೊರಡುವುದಿಲ್ಲ."

ಶೆಫಾಲಿ ಈಗ ತಲೆ ಎತ್ತಿದಳು. ಮುಖ ನೋಡಿದಳು. ಕೈ ನೋಡಿದಳು.

"ನೀನು ನಮ್ಮವಳಾ?"

ಕೋಲ್ಕತ್ತಾಕ್ಕೆ ಬಂದು ಒಂದೂವರೆ ವರ್ಷವಾಗಿತ್ತು. ಈ ಪ್ರಶ್ನೆಯನ್ನು ಸುತ್ತಿ ಬಳಸಿ ಕೇಳಿದವರು ಬಹಳ. ಹೀಗೆ ನೆಟ್ಟಗೆ ಕೇಳಿದವಳು ಇವಳೊಬ್ಬಳೇ.

"ಹೌದು," ಅಂದಳು ಕೃಷ್ಣವೇಣಿ.

"ನಮ್ಮವಳಾಗಿ ಬರೆದೆಯಾ," ಅಂದಳು ಶೆಫಾಲಿ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ತೊಗಲು ಎಲ್ಲಿಂದ ಬರುತ್ತದೆ ಅಂತ ಕೃಷ್ಣವೇಣಿ ಕೇಳಿದಳು. ಉಪ್ಪು ಹಚ್ಚಿಯೇ ಬರುತ್ತದೆ, ಮಾರುಕಟ್ಟೆಯಿಂದ. ಹೆರೆದದ್ದನ್ನು ಏನು ಮಾಡುತ್ತೀರಿ? ಶೆಫಾಲಿ ಸುಣ್ಣದ ಗುಂಡಿ ತೋರಿಸಿದಳು. ಅದರ ಮೇಲೆ ಹಲಗೆ, ಹಲಗೆಯ ಮೇಲೆ ಕಲ್ಲು. ಹಾಗಾದರೆ ಹದ್ದು ಯಾಕೆ ಬರುತ್ತದೆ? ಶೆಫಾಲಿ ಹೆರೆಯುವ ಕತ್ತಿಯನ್ನು ಎತ್ತಿ ಆಚೆ ತೋರಿಸಿದಳು. "ಅಲ್ಲಿ ಎಣಿಸು. ನಿನ್ನ ಕುರ್ಚಿಯನ್ನು ಇಲ್ಲಿ ಹಾಕಿಸಿದವರು ಅಲ್ಲಿ ಯಾಕೆ ಹಾಕಿಸಲಿಲ್ಲ, ಕೇಳು."

ಅಲ್ಲಿದ್ದದ್ದು ಬಸು ಬಾಬು ಕಂಪನಿಯ ಅಡುಗೆಮನೆಯ ಹಿಂಗೋಡೆ. ವಿಮಾನದಿಂದ ಇಳಿಸಿದ ಎಂಜಲನ್ನು ಅದೇ ದಿನ ಸುಡಬೇಕು ಅನ್ನುವುದು ಕರಾರು. ಸುಡುವ ಒಲೆ ಯಾವಾಗಲೋ ಕೆಟ್ಟಿತ್ತು. ಗೋಡೆಯ ಹಿಂದಿನ ಹಳ್ಳಕ್ಕೆ ಟ್ರಾಲಿಗಟ್ಟಲೆ ಸುರಿಯುತ್ತಿದ್ದರು. ಕೃಷ್ಣವೇಣಿ ಮೂರು ದಿನ ಅಲ್ಲಿ ನಿಂತು ಎಣಿಸಿದಳು. ಕೊಳೆತ ಅನ್ನದ ನಾತಕ್ಕೆ ಈ ಸಲ ಕರ್ಚೀಫು ತೆಗೆಯಲಿಲ್ಲ. ಕೇರಿಯ ಮೇಲೆ ಒಂಬತ್ತು ಹದ್ದು. ಹಳ್ಳದ ಮೇಲೆ ನೂರಾ ನಲವತ್ತು.

ಆ ಲೆಕ್ಕವನ್ನು ತೆಗೆದುಕೊಂಡು ಹೋದಾಗ ರಾವ್ ಕನ್ನಡಕ ತೆಗೆದು ಒರೆಸಿದರು.

"ಈ ಪಾಯಿಂಟಿನಲ್ಲಿ ಎಣಿಸ್ಲಿಕ್ಕೆ ನಿಮಗೆ ಹೇಳಿದ್ದು ಯಾರು?"

"ಯಾರೂ ಹೇಳಿಲ್ರಿ ಸರ. ಉಪ್ಪು ಹಚ್ಚಿದ ತೊಗಲಿಗೆ ಹದ್ದು ಬರಂಗಿಲ್ಲರಿ. ನಾ ಮೊದಲ ಬರದದ್ದು ತಪ್ಪೈತಿ. ಅದನ್ನ ವಾಪಸ್ ತಗೋತೀನಿ."

"ಬರುದಿಲ್ಲ ಅಂತ ಎಲ್ಲಿ ಉಂಟು? ಯಾವ ಪುಸ್ತಕದಲ್ಲಿ?"

"ಪುಸ್ತಕದಾಗ ಇಲ್ರಿ. ನಮ್ಮಪ್ಪ ತೊಗಲು ಸುಲೀತಿದ್ದ. ನಾ ಉಪ್ಪು ಹೊರತಿದ್ದೆ."

ಹೇಳಿಯಾಯಿತು. ರಾವ್ ಮುಖದಲ್ಲಿ ಏನೋ ಹಿಂದೆ ಸರಿಯಿತು. ಆಮೇಲೆ ಅವರು ನಕ್ಕರು. ಆ ನಗು ಸಭ್ಯವಾಗಿತ್ತು, ಅದೇ ಹೇಸಿಗೆ.

"ಓ, ಹಾಗಾ. ಇರ್ಲಿ, ಇರ್ಲಿ. ಅದರಲ್ಲಿ ನಾಚಿಕೆ ಪಡ್ಲಿಕ್ಕೆ ಎಂತ ಉಂಟು. ಒಂದು ರೀತಿ ಒಳ್ಳೇದೇ ಆಯ್ತು. ವಿಮಾನಕ್ಕೆ ಬಡಿದು ಸತ್ತ ಹದ್ದು ಎರಡು ಐಸ್ ಪೆಟ್ಟಿಗೆಯಲ್ಲಿ ಉಂಟಲ್ಲ, ಅದನ್ನು ಕೊಯ್ದು ವರದಿ ಕೊಡದೆ ಮ್ಯಾಜಿಸ್ಟ್ರೇಟರು ಬುಲ್ಡೋಜರಿಗೆ ಆರ್ಡರ್ ಕೊಡುದಿಲ್ಲ ಅಂತಾರೆ. ಪಶು ಡಾಕ್ಟ್ರು ರಜೆ ಹಾಕಿದ್ದಾರೆ. ನೀವೇ ಕೊಯ್ದುಬಿಡಿ ನಾಳೆ. ನಿಮಗೆ ಕೈ ಅಭ್ಯಾಸ ಇರ್ತದಲ್ಲ."

ಗುಮಾಸ್ತರು ಇಬ್ಬರು ಅಲ್ಲೇ ಇದ್ದರು. ಕನ್ನಡ ಬಾರದವರು. ಸಾಹೇಬರು ಅದನ್ನೇ ಹಿಂದಿಯಲ್ಲೂ ಹೇಳಿ ನಗಿಸಿದರು.

ಗುರುವಾರ ಬೆಳಿಗ್ಗೆ ಬೇಲಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಮೇಜು ಹಾಕಿದರು. ರಾವ್ ಬಾಗಿಲಿನಲ್ಲಿ, ಮಾಸ್ಕು ಹಾಕಿಕೊಂಡು. ಬಸು ಬಾಬು ಅವರ ಹಿಂದೆ, ವಾಚು ನೋಡುತ್ತಾ. ಒಳಗೆ ಕೃಷ್ಣವೇಣಿ ಮತ್ತು ಮಿಹಿರ್. ಮಿಹಿರ್ ಹದ್ದನ್ನು ಪೆಟ್ಟಿಗೆಯಿಂದ ಎತ್ತಿ ಇಟ್ಟ. ಒಂದು ರೆಕ್ಕೆ ಮುರಿದು ಹಿಂದಕ್ಕೆ ತಿರುಗಿತ್ತು.

ಎಂಎಸ್ಸಿ ಮಾಡಿದ್ದು ಯಾಕೆ? ಕೈಗೆ ಸೋಪಿನ ವಾಸನೆ ಬರಲಿ ಅಂತ. ಅಪ್ಪ ಸಾಯುವ ತನಕ ಹೇಳಿದ್ದು ಒಂದೇ ಮಾತು, ಕತ್ತಿ ಹಿಡೀಬ್ಯಾಡ, ಪೆನ್ನು ಹಿಡಿ. ಪೆನ್ನು ಹಿಡಿದು ಇಷ್ಟು ದೂರ ಬಂದ ಮೇಲೆ ಕತ್ತಿ ಕೊಟ್ಟರು. ಅವಳಿಗೆ ಅಳು ಬರಲಿಲ್ಲ. ಸಿಟ್ಟು ಬಂತು, ಬಂದದ್ದು ಹೋಗಲಿಲ್ಲ.

ಎದೆಯ ಪುಕ್ಕ ಕಿತ್ತಳು. ಬ್ಲೇಡನ್ನು ಕೊರಳ ಬುಡದಲ್ಲಿ ಇಟ್ಟು ಕೆಳಕ್ಕೆ ಎಳೆದಳು. ಕೊರಳ ಚೀಲ ತುಂಬಿತ್ತು, ತಿಂದದ್ದು ಕರಗಿರಲಿಲ್ಲ. ಸೀಳಿ ಬಿಳಿ ತಟ್ಟೆಗೆ ಬಸಿದಳು. ಆಮ್ಲೆಟ್ಟಿನ ಚೂರು. ಬೆಂದ ಅನ್ನ. ಮಸಾಲೆ ಅಂಟಿದ ಕೋಳಿ ತುಂಡು. ಅದಕ್ಕೆ ಅಂಟಿಕೊಂಡು ಬೆಣ್ಣೆ ಸುತ್ತುವ ಬೆಳ್ಳಿ ಹಾಳೆಯ ಚೂರು, ಅದರ ಮೇಲೆ ಬಸು ಬಾಬು ಕಂಪನಿಯ ನೀಲಿ ಗುರುತು, ಅರ್ಧ.

ತೊಗಲಿಲ್ಲ. ಹಸಿ ಮಾಂಸವಿಲ್ಲ. ಒಂದು ಆಡಿನ ಕೂದಲೂ ಇಲ್ಲ.

ಮಿಹಿರ್ ಬಗ್ಗಿ ನೋಡಿ, ಬಸು ಬಾಬು ಕಡೆ ತಿರುಗಿ ನೋಡಿ, ಮೊಬೈಲ್ ತೆಗೆದು ಫೋಟೋ ಹೊಡೆದ. ಯಾರೂ ಹೇಳಿರಲಿಲ್ಲ. ಬಸು ಬಾಬು ಇಂಗ್ಲಿಷಿನಲ್ಲಿ ರಾವ್ ಕಿವಿಯಲ್ಲಿ ಏನೋ ಅಂದ. ಕೇರಿ ಎದ್ದರೆ ಆ ಜಾಗದಲ್ಲಿ ಅವನ ಕಂಪನಿಯ ಹೊಸ ಅಡುಗೆಮನೆ ಬರುವುದಿತ್ತು. ಇದು ಊರಿಗೆಲ್ಲ ಗೊತ್ತಿದ್ದ ಗುಟ್ಟು.

ರಾವ್ ಬಾಗಿಲಿನಿಂದಲೇ ಹೇಳಿದರು. "ಪ್ರಾಣಿಜನ್ಯ ಅಂಗಾಂಶ ಅಂತ ಬರೀರಿ. ಸಾಕು. ಸುಳ್ಳೇನೂ ಅಲ್ಲವಲ್ಲ, ಕೋಳಿಯೂ ಪ್ರಾಣಿಯೇ."

"ಬರಿಯಂಗಿಲ್ಲರಿ."

"ಎಂತ?"

"ಬರಿಯಂಗಿಲ್ಲ ಅಂದೆರಿ. ಕಂಡದ್ದು ಬರೀತೀನಿ. ಆಮ್ಲೆಟ್, ಅನ್ನ, ಬೆಂದ ಕೋಳಿ, ಬೆಣ್ಣಿ ಹಾಳಿ. ಹಾಳೀ ಮ್ಯಾಲಿನ ಗುರುತು ಸೈತ."

"ಕೃಷ್ಣವೇಣಿ, ಮುಂದಿನ ತಿಂಗಳು ನಿಮ್ಮ ಪ್ರೊಬೇಶನ್ ಫೈಲು ನನ್ನ ಮೇಜಿಗೇ ಬರ್ತದೆ." ದನಿ ಮೆತ್ತಗಿತ್ತು. "ಪರವೂರಿನಲ್ಲಿ ನಾವು ನಾಲ್ಕು ಮಂದಿ ಕನ್ನಡದವರು ಒಟ್ಟಿಗೆ ಇರ್ಬೇಕು ಮಾರಾಯ್ತಿ."

"ಆ ಮೂವತ್ತೆರಡು ಮನಿಯವ್ರೂ ಒಟ್ಟಿಗೇ ಅದಾರ್ರಿ ಸರ. ನಾಳೆ ಎಲ್ಲಿ ಇರ್ಬೇಕು ಅವ್ರು?"

ರಾವ್ ಮಾಸ್ಕಿನೊಳಗೆ ಉಸಿರು ಬಿಟ್ಟರು. ಮೆತ್ತಗಿದ್ದದ್ದು ಹೋಯಿತು. "ಎಷ್ಟು ಓದಿದ್ರೂ ಅಷ್ಟೆ ನೀವು. ಆಯ್ತು. ನಿಮ್ಮ ಸಹಿ ಯಾರಿಗೂ ಬೇಡ. ವರದಿಯ ಫಾರಂ ಕೊಡಿ ಇತ್ತ, ನಾನೇ ಬರೆದು ಸಹಿ ಹಾಕ್ತೇನೆ."

ವಿಮಾನ ಬಂತು. ಶೆಡ್ಡಿನ ತಗಡು ಗಡಗಡ ನಡುಗಿತು. ಅದು ಇಳಿದು ಸದ್ದಡಗುವ ತನಕ ಕೃಷ್ಣವೇಣಿ ಕಾದಳು. ಆಮೇಲೆ ಫಾರಂ ತೆಗೆದು, ಅದರ ಕೊನೆಯ ಸಾಲನ್ನು ಕನ್ನಡ ಮಾಡಿ ಗಟ್ಟಿಯಾಗಿ ಓದಿದಳು. "ಮೇಲಿನ ಹಕ್ಕಿಯನ್ನು ನಾನೇ ಕೈಯಾರೆ ಕೊಯ್ದು ಪರೀಕ್ಷಿಸಿದ್ದೇನೆ."

ಐಸ್ ಪೆಟ್ಟಿಗೆಗೆ ಕೈ ಹಾಕಿ ಎರಡನೆಯ ಹದ್ದನ್ನು ಎತ್ತಿದಳು. ಮೇಜಿನ ಮೇಲೆ ಬೆನ್ನಡಿಯಾಗಿ ಮಲಗಿಸಿದಳು. ಬ್ಲೇಡು ಒರೆಸಿ ಅದರ ಪಕ್ಕದಲ್ಲಿ ಇಟ್ಟಳು, ಹಿಡಿ ರಾವ್ ಕಡೆಗೆ.

"ಬರ್ರಿ ಸರ. ಕೊಯ್ರಿ."

ಹದ್ದಿನ ಪುಕ್ಕದಿಂದ ಐಸಿನ ನೀರು ಮೇಜಿನ ಅಂಚಿಗೆ ಹರಿದು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಬಸು ಬಾಬು ರಾವ್ ಮುಖ ನೋಡಿದ. ರಾವ್ ಒಂದು ಹೆಜ್ಜೆ ಒಳಗಿಟ್ಟರು. ಎರಡನೆಯದನ್ನೂ ಇಟ್ಟರು. ಕೈ ಚಾಚಿದರು. ಬ್ಲೇಡಿಗೆ ಒಂದು ಗೇಣು ಇರುವಾಗ ಕೈ ನಿಂತಿತು. ಅಲ್ಲೇ ನಿಂತಿತು. ಆಮೇಲೆ ಆ ಕೈ ಹಿಂದಕ್ಕೆ ಹೋಗಿ ಪ್ಯಾಂಟಿಗೆ ಒರೆಸಿಕೊಂಡಿತು, ಏನನ್ನೂ ಮುಟ್ಟದಿದ್ದರೂ.

"ನನ್ನಿಂದ ಇದೆಲ್ಲ ಆಗುದಿಲ್ಲ," ಅಂದರು ರಾವ್.

ಕೃಷ್ಣವೇಣಿ ತನ್ನ ಜೇಬಿನ ಪೆನ್ನು ತೆಗೆದಳು. ರಕ್ತದ ಕೈಯಲ್ಲೇ ತೆಗೆದಳು. ಫಾರಮನ್ನು ಅವರ ಮುಂದೆ ಸರಿಸಿ ಪೆನ್ನು ಚಾಚಿ ಹಿಡಿದಳು.

"ಆಗಂಗಿಲ್ಲ ಅಂತ ಬರದು ಸಹಿ ಮಾಡ್ರಿ."